ಹಸುವಿನ ಬೆದೆಯೂ ಮಿದುಳಿನ ಆಳ್ವಿಕೆಯೂ

ಹಸುವು ಕಾಲಕ್ಕೆ ಸರಿಯಾಗಿ ಬೆದೆಗೆ ಬಂದು, ಗಬ್ಬವಾಗಿ, ವರ್ಷಕ್ಕೊಂದು ಕರುವನ್ನು ಈಯುವುದೇ ಹೈನದ ಲಾಭಕ್ಕೆ ಮೂಲವೆಂಬುದು ಗೋಪಾಲಕರೆಲ್ಲರೂ ಬಲ್ಲ ವಿಷಯವಾಗಿದೆ. ಒಂದು ಬೆದೆಯು ಕಣ್ತಪ್ಪಿ ಹೋದರೆ ಮುಂದಿನದಕ್ಕೆ ಸುಮಾರು ೨೧ ದಿವಸ ಕಾಯಬೇಕು. ಹೀಗೆ ಮೂರು ಬೆದೆಗಳು ತಪ್ಪಿದರೆ ಎರಡು ತಿಂಗಳ ಮೇವೂ ಹಿಂಡಿಯೂ ಪ್ರತಿಫಲವಿಲ್ಲದೆ ವೆಚ್ಚವಾದಂತೆಯೇ ಸರಿ. ಈದು ನಾಲ್ಕೈದು ತಿಂಗಳಾದರೂ ಬೆದೆಯನ್ನು ತೋರದ ಹಸುವನ್ನು ಗೊಡ್ಡೆಂದು ಬಗೆದು, ಬಂದ ಬೆಲೆಗೆ ಮಾರಿಬಿಡುವ ರೈತರೂ ಉಂಟು. ಆದರೆ ಹೀಗೆ ಮಾರಲ್ಪಡುವ ಹಸುಗಳಲ್ಲಿ ಅನೇಕಕ್ಕೆ ಗರ್ಭಕೋಶದಲ್ಲಾಗಲಿ ಅಂಡಾಶಯದಲ್ಲಾಗಲಿ ಯಾವ ರೋಗವೂ ಇರುವುದಿಲ್ಲ. ಅಂಡಾಶಯಕ್ಕೂ ಮಿದುಳಿಗೂ ನಡುವೆ ಎಡೆಬಿಡದೆ ನಡೆಯಬೇಕಾದ ಸಂದೇಶ ವ್ಯವಹಾರವು ಮಾತ್ರ ಎಲ್ಲಿಯೋ ತಡೆದು ನಿಂತಿರುವುದು. ಆ ವ್ಯವಹಾರದ ಸ್ವರೂಪವನ್ನು ತಿಳಿದುಕೊಂಡರೆ, ಯಾವ ಹಸುವಿಗೆ ಮೇವು ಬೇಕು, ಯಾವುದಕ್ಕೆ ಔಷಧ ಬೇಕು, ಯಾವುದಕ್ಕೆ ಕೇವಲ ಯಜಮಾನನ ಎಚ್ಚರ ಬೇಕು ಎಂಬುದನ್ನು ವಿಂಗಡಿಸುವುದು ಸುಲಭವಾಗುವುದು.

ಬೆದೆಯ ಕಾಲ ಮತ್ತು ಲಕ್ಷಣಗಳು

ಹಸುವಿನ ಬೆದೆಚಕ್ರವು ಸಾಧಾರಣವಾಗಿ ೨೧ ದಿವಸಗಳದು. ೧೮ರಿಂದ ೨೪ ದಿವಸಗಳವರೆಗೆ ಹೆಚ್ಚು ಕಡಿಮೆಯಾಗುವುದುಂಟು. ಎಮ್ಮೆಯ ಚಕ್ರವೂ ಹೆಚ್ಚು ಕಡಿಮೆ ಇಷ್ಟೇ. ಬೆದೆಯಲ್ಲಿರುವ ಹಸುವು ಮೇವಿನಲ್ಲಿ ಮನಸ್ಸಿಡದೆ ಚಡಪಡಿಸುವುದು, ಕೂಗುವುದು, ಪದೇ ಪದೇ ಗಂಜಲ ಹೊಯ್ಯುವುದು. ಯೋನಿದ್ವಾರವು ಊದಿಕೊಂಡು, ಗಾಜಿನಂತೆ ತಿಳಿಯಾದ ಲೋಳೆಯು ಎಳೆಯಾಗಿ ಜೋಲುವುದು. ಇವೆಲ್ಲಕ್ಕಿಂತ ನಿಶ್ಚಯವಾದ ಗುರುತು ಯಾವುದೆಂದರೆ, ಬೇರೆ ದನಗಳು ಮೇಲೆ ಹತ್ತಿದಾಗ ಕದಲದೆ ನಿಲ್ಲುವುದು. ಈ ನಿಲ್ಲುವ ಕಾಲವು ಸೀಮೆಯ ತಳಿಗಳಲ್ಲಿ ೧೨ರಿಂದ ೧೮ ಗಂಟೆಗಳಷ್ಟಿದ್ದರೆ, ಡುಬ್ಬವುಳ್ಳ ನಾಟಿ ತಳಿಗಳಲ್ಲಿ ಹಲವು ವೇಳೆ ಅದಕ್ಕಿಂತಲೂ ಕಡಿಮೆಯಾಗಿರುವುದು. ಎಮ್ಮೆಗಳಲ್ಲಿ ಲಕ್ಷಣಗಳು ಮಂದವಾಗಿದ್ದು, ಬಹುಮಟ್ಟಿಗೆ ರಾತ್ರಿಯ ಹೊತ್ತಿನಲ್ಲಿ ಕಾಣಿಸಿಕೊಳ್ಳುವುವು.

ಈ ಲಕ್ಷಣಗಳೆಲ್ಲವನ್ನೂ ಉಂಟುಮಾಡುವುದು ಈಸ್ಟ್ರೊಜೆನ್ ಎಂಬ ಹಾರ್ಮೋನು. ಅಮೆರಿಕದ ಎಡ್ಗರ್ ಆಲನ್ ಮತ್ತು ಎಡ್ವರ್ಡ್ ಡಾಯ್ಸಿ ಎಂಬ ವಿದ್ವಾಂಸರು ೧೯೨೩ರಲ್ಲಿ ಹಂದಿಯ ಅಂಡಾಶಯದ ಕೋಶಿಕೆಗಳಲ್ಲಿರುವ ದ್ರವವನ್ನು ತೆಗೆದು, ಅದನ್ನು ಅಂಡಾಶಯ ಕಳೆದ ಇಲಿಗಳಿಗೆ ಚುಚ್ಚಿ, ಆ ಇಲಿಗಳಲ್ಲಿ ಬೆದೆಯ ಚಿಹ್ನೆಗಳು ಮೂಡುವುದನ್ನು ತೋರಿಸಿಕೊಟ್ಟರು. ೧೯೨೯ರಲ್ಲಿ ಡಾಯ್ಸಿಯವರೂ, ಜರ್ಮನಿಯಲ್ಲಿ ಅಡಾಲ್ಫ್ ಬುಟೆನಾಂಟ್‌ರವರೂ ಪ್ರತ್ಯೇಕವಾಗಿ ಈ ಜಾತಿಯ ಹಾರ್ಮೋನೊಂದನ್ನು ಹರಳಿನ ರೂಪದಲ್ಲಿ ಪಡೆದರು. ಬೆದೆಯ ಹಸುವಿನ ಒಂದು ಮಿಲಿಲೀಟರ್ ರಕ್ತದಲ್ಲಿರುವ ಈಸ್ಟ್ರೊಜೆನ್, ಒಂದು ಗ್ರಾಮನ್ನು ಲಕ್ಷಕೋಟಿ ಭಾಗ ಮಾಡಿದರೆ ಅದರಲ್ಲಿ ಹತ್ತರ ಆಸುಪಾಸಿನ ಭಾಗಗಳು ಮಾತ್ರ. ಇಷ್ಟು ಸ್ವಲ್ಪವಾದ ಪದಾರ್ಥವು ಸಾವಿರ ಪೌಂಡು ತೂಗುವ ಪ್ರಾಣಿಯ ನಡತೆಯನ್ನೇ ಒಂದು ದಿವಸದ ಮಟ್ಟಿಗೆ ಬದಲಾಯಿಸಿಬಿಡುವುದು.

ಆಳ್ವಿಕೆಯ ಮೂರು ಸ್ಥಾನಗಳು

ಬೆದೆಯ ವ್ಯವಸ್ಥೆಯಲ್ಲಿ ಮೂರು ಅಂಗಗಳು ಮುಖ್ಯವಾದುವು. ಮೊದಲನೆಯದು ಮಿದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್. ಇಲ್ಲಿ ಚದುರಿಕೊಂಡಿರುವ ಕೆಲವೇ ಸಾವಿರ ನರಕೋಶಗಳು ಜಿ. ಎನ್. ಆರ್. ಎಚ್. ಎಂಬ ಪ್ರಚೋದಕವನ್ನು ಗುಟುಕು ಗುಟುಕಾಗಿ ಹೊರಸೂಸುವುವು. ಎರಡನೆಯದು ಹೈಪೊಥಲಾಮಸಿನ ಕೆಳಗೆ ತೊಟ್ಟಿನಿಂದ ತೂಗಾಡುವ ಪಿಟ್ಯುಟರಿ ಗ್ರಂಥಿ. ಮೇಲಿನಿಂದ ಸಣ್ಣ ರಕ್ತನಾಳಗಳ ಮೂಲಕ ಪ್ರಚೋದಕವು ಬಂದು ಮುಟ್ಟಿದೊಡನೆ ಈ ಗ್ರಂಥಿಯು ಎಫ್. ಎಸ್. ಎಚ್. ಮತ್ತು ಎಲ್. ಎಚ್. ಎಂಬ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುವುದು. ಮೂರನೆಯದು ಅಂಡಾಶಯ. ಎಫ್. ಎಸ್. ಎಚ್. ಅಂಡಾಶಯದಲ್ಲಿನ ಕೋಶಿಕೆಗಳನ್ನು ಬೆಳೆಸುವುದು; ಎಲ್. ಎಚ್. ಅವುಗಳನ್ನು ಬಲಿಯಿಸಿ, ಕಾಲ ಬಂದಾಗ ಒಡೆದು ಅಂಡವು ಹೊರಬರುವಂತೆ ಮಾಡುವುದು. ಬೆಳೆಯುವ ಕೋಶಿಕೆಯು ಈಸ್ಟ್ರೊಜೆನನ್ನು ತಯಾರಿಸಿ ರಕ್ತಕ್ಕೆ ಕೂಡಿಸುವುದು.

ಇಷ್ಟರಿಂದ ಮಿದುಳು ಆಜ್ಞೆ ಮಾಡುವುದೆಂದೂ ಅಂಡಾಶಯವು ಅದನ್ನು ಪಾಲಿಸುವುದೆಂದೂ ತೋರಬಹುದು. ವಾಸ್ತವವು ಹಾಗಲ್ಲ. ಅಂಡಾಶಯದ ಈಸ್ಟ್ರೊಜೆನ್ ರಕ್ತದೊಡನೆ ಮಿದುಳಿಗೆ ಹಿಂದಿರುಗಿ ಹೋಗಿ, ಮುಂದಿನ ಆಜ್ಞೆಯು ಹೇಗಿರಬೇಕೆಂಬುದನ್ನು ತಾನೇ ಗೊತ್ತುಮಾಡುವುದು. ಈ ಹಿಂದಿರುಗುವ ಸಂದೇಶದಲ್ಲಿ ಎರಡು ಬಗೆಗಳುಂಟು: ಒಂದು ತಡೆಯತಕ್ಕದ್ದು, ಇನ್ನೊಂದು ಪ್ರೇರಿಸತಕ್ಕದ್ದು.

ತಡೆಯುವ ಸಂದೇಶ

ಕೆರೆಯ ನೀರುಗಂಟಿಯು ಗದ್ದೆಯ ಕಡೆಗೆ ಹರಿಯುವ ನೀರನ್ನು ನೋಡುತ್ತಾ, ಕಾಲುವೆಯಲ್ಲಿ ನೀರು ಏರಿದರೆ ತೂಬನ್ನು ಇಳಿಸುವನು, ತಗ್ಗಿದರೆ ಎತ್ತುವನು. ಮಿದುಳೂ ಬಹುಪಾಲು ದಿವಸಗಳಲ್ಲಿ ಇದೇ ರೀತಿಯಾಗಿ ವರ್ತಿಸುವುದು. ರಕ್ತದಲ್ಲಿ ಈಸ್ಟ್ರೊಜೆನ್ ಸ್ವಲ್ಪವಾಗಿಯೂ ಸಮವಾಗಿಯೂ ಇರುವಾಗ, ಅದು ಹೈಪೊಥಲಾಮಸಿನ ಪ್ರಚೋದಕವನ್ನೂ ಪಿಟ್ಯುಟರಿಯ ಹಾರ್ಮೋನುಗಳನ್ನೂ ಮಿತಿಯಲ್ಲಿಟ್ಟಿರುವುದು. ಅಂಡಾಶಯಗಳನ್ನು ತೆಗೆದುಹಾಕಿದ ಪ್ರಾಣಿಯಲ್ಲಿ ತಡೆಯು ಹೋಗಿ, ಎಫ್. ಎಸ್. ಎಚ್. ಮತ್ತು ಎಲ್. ಎಚ್. ಎರಡೂ ಮೇಲಕ್ಕೇರಿ ಹಾಗೆಯೇ ನಿಲ್ಲುವುವು. ಮತ್ತೆ ಸ್ವಲ್ಪ ಈಸ್ಟ್ರೊಜೆನನ್ನು ಕೊಟ್ಟರೆ ಇಳಿಯುವುವು. ಶಿಕಾಗೊ ನಗರದ ಕಾರ್ಲ್ ಮೂರ್ ಮತ್ತು ಡೊರೊಥಿ ಪ್ರೈಸ್ ಎಂಬುವರು ೧೯೩೨ರಲ್ಲಿ ಈ ಪರಸ್ಪರ ಸಂಬಂಧವನ್ನು ಮೊದಲು ಸ್ಪಷ್ಟವಾಗಿ ಪ್ರತಿಪಾದಿಸಿದರು.

ಈ ತಡೆಯಿಂದ ಒಂದು ಮುಖ್ಯವಾದ ಪ್ರಯೋಜನವುಂಟು. ಒಂದೊಂದು ಸಲವೂ ಹಲವು ಕೋಶಿಕೆಗಳು ಒಟ್ಟಿಗೆ ಬೆಳೆಯತೊಡಗುವುವು. ಅವುಗಳಲ್ಲಿ ಮುಂದಾದ ಒಂದು ಕೋಶಿಕೆಯು ಈಸ್ಟ್ರೊಜೆನನ್ನೂ, ಇನ್ಹಿಬಿನ್ ಎಂಬ ಮತ್ತೊಂದು ಹಾರ್ಮೋನನ್ನೂ ಹೊರಡಿಸಿ, ಪಿಟ್ಯುಟರಿಯ ಎಫ್. ಎಸ್. ಎಚ್. ಅನ್ನು ತಗ್ಗಿಸುವುದು. ಉಳಿದ ಸಣ್ಣ ಕೋಶಿಕೆಗಳು ಪೋಷಣೆಯಿಲ್ಲದೆ ಬಾಡಿಹೋಗುವುವು. ಮುಂದಾದುದು ಮಾತ್ರ ಎಲ್. ಎಚ್. ಅನ್ನು ಆಶ್ರಯಿಸಿ ಬೆಳೆಯುವುದು. ಹಸುವು ಸಾಮಾನ್ಯವಾಗಿ ಒಂದೇ ಕರುವನ್ನು ಈಯುವುದಕ್ಕೆ ಇದೇ ಕಾರಣ. ಒಂದು ಬೆದೆಚಕ್ರದಲ್ಲಿ ಇಂಥ ಬೆಳವಣಿಗೆಯ ಅಲೆಗಳು ಎರಡೋ ಮೂರೋ ಬರುವುವು. ಕೊನೆಯ ಅಲೆಯ ಕೋಶಿಕೆಗೆ ಮಾತ್ರ ಒಡೆಯುವ ಭಾಗ್ಯವುಂಟಾಗುವುದು.

ಪ್ರೇರಿಸುವ ಸಂದೇಶ

ಕೊನೆಯ ಕೋಶಿಕೆಯು ಅರ್ಧ ಅಂಗುಲದಿಂದ ಮುಕ್ಕಾಲು ಅಂಗುಲದಷ್ಟು ಗಾತ್ರಕ್ಕೆ ಬಂದಾಗ ಈಸ್ಟ್ರೊಜೆನ್ ಏರಿ, ಏರಿದ ಮಟ್ಟದಲ್ಲಿಯೇ ಹಲವು ಗಂಟೆಗಳ ಕಾಲ ನಿಲ್ಲುವುದು. ಆಗ ನೀರುಗಂಟಿಯ ಉಪಮಾನವು ಸಲ್ಲದು. ಏಕೆಂದರೆ ನೀರು ಏರಿದಾಗ ತೂಬನ್ನು ಇಳಿಸಬೇಕಾದವನು, ಅದನ್ನು ಪೂರ್ತಿಯಾಗಿ ಎತ್ತಿಬಿಡುವನು. ಅಲ್ಲಿಯವರೆಗೆ ತಡೆಯುತ್ತಿದ್ದ ಈಸ್ಟ್ರೊಜೆನ್ ಈಗ ಪ್ರೇರಕವಾಗುವುದು. ಹೈಪೊಥಲಾಮಸಿನಿಂದ ಪ್ರಚೋದಕವು ಪ್ರವಾಹದಂತೆ ಹೊರಟು, ಪಿಟ್ಯುಟರಿಯು ತನ್ನಲ್ಲಿ ಕೂಡಿಟ್ಟಿದ್ದ ಎಲ್. ಎಚ್. ಅನ್ನು ಕೆಲವು ಗಂಟೆಗಳೊಳಗೆ ಸುರಿದುಬಿಡುವುದು. ಈ ಉಕ್ಕೇ ಕೋಶಿಕೆಯನ್ನು ಒಡೆಯಿಸತಕ್ಕದ್ದು. ಬರ್ಲಿನ್ನಿನಲ್ಲಿದ್ದ ವಾಲ್ಟರ್ ಹೋಲ್‌ವೆಗ್ ಎಂಬುವರು ೧೯೩೪ರಲ್ಲಿ, ಇನ್ನೂ ಪ್ರಾಯಕ್ಕೆ ಬಾರದ ಇಲಿಗಳಿಗೆ ಈಸ್ಟ್ರೊಜೆನನ್ನು ಚುಚ್ಚಿ ಅಂಡಾಶಯಗಳಲ್ಲಿ ಪೀತಪಿಂಡಗಳು ಉಂಟಾಗುವುದನ್ನು ಕಂಡುದು ಈ ಪ್ರೇರಣೆಗೆ ಮೊದಲ ನಿದರ್ಶನವಾಯಿತು.

ಒಂದೇ ಈಸ್ಟ್ರೊಜೆನ್ ಏಕಕಾಲದಲ್ಲಿ ಎರಡು ಕಾರ್ಯಗಳನ್ನು ನಡೆಸುವುದೆಂಬುದನ್ನು ಗಮನಿಸಬೇಕು. ಮಿದುಳಿನ ಒಂದು ಕಡೆ ಅದು ಹಸುವನ್ನು ಬೆದೆಯ ನಡತೆಗೆ ಹಚ್ಚುವುದು. ಮತ್ತೊಂದು ಕಡೆ ಎಲ್. ಎಚ್. ಉಕ್ಕನ್ನು ಎಬ್ಬಿಸುವುದು. ಆದುದರಿಂದಲೇ ಬೆದೆಯ ಆರಂಭವೂ ಎಲ್. ಎಚ್. ಉಕ್ಕೂ ಹೆಚ್ಚು ಕಡಿಮೆ ಒಟ್ಟಿಗೆ ನಡೆಯುವುವು. ಉಕ್ಕಿನಿಂದ ೨೪ರಿಂದ ೩೦ ಗಂಟೆಗಳೊಳಗೆ, ಎಂದರೆ ಬೆದೆಯು ಮುಗಿದು ೧೦ರಿಂದ ೧೪ ಗಂಟೆಗಳಾದ ಮೇಲೆ, ಅಂಡವು ಹೊರಬೀಳುವುದು. ಹೊರಗಿನ ಚಿಹ್ನೆಯನ್ನು ನೋಡಿ ಒಳಗಿನ ಗಡಿಯಾರವನ್ನು ಓದುವುದಕ್ಕೆ ಗೋಪಾಲಕನಿಗೆ ಇರುವ ಆಧಾರವು ಇದೊಂದೇ.

ಈ ವಿಷಯಗಳು ತಿಳಿದುಬಂದ ಬಗೆ

ಪಿಟ್ಯುಟರಿಯು ಸ್ವತಂತ್ರವಾದ ಗ್ರಂಥಿಯಲ್ಲವೆಂಬುದನ್ನು ಸ್ಥಾಪಿಸಿದವರಲ್ಲಿ ಇಂಗ್ಲೆಂಡಿನ ಜೆಫ್ರಿ ಹ್ಯಾರಿಸ್‌ರವರು ಅಗ್ರಗಣ್ಯರು. ಅವರೂ ಡೋರಾ ಜೇಕಬ್ಸನ್‌ರವರೂ ೧೯೫೨ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಇಲಿಗಳ ಪಿಟ್ಯುಟರಿಯನ್ನು ತೆಗೆದು ಬೇರೊಂದು ಪಿಟ್ಯುಟರಿಯನ್ನು ನೆಟ್ಟು ನೋಡಿದರು. ಹೈಪೊಥಲಾಮಸಿನ ಕೆಳಗೇ ನೆಟ್ಟಾಗ ಸಣ್ಣ ರಕ್ತನಾಳಗಳು ಮತ್ತೆ ಕೂಡಿಕೊಂಡು ಬೆದೆಚಕ್ರವು ಮರಳಿತು. ಮಿದುಳಿನ ಬೇರೆ ಭಾಗದ ಕೆಳಗೆ ನೆಟ್ಟಾಗ ಮರಳಲಿಲ್ಲ. ಮೇಲಿನಿಂದ ಯಾವುದೋ ರಾಸಾಯನಿಕ ಪದಾರ್ಥವು ಇಳಿದುಬರುತ್ತಿರಬೇಕೆಂದು ಇದರಿಂದ ಗೊತ್ತಾಯಿತು. ಆ ಪದಾರ್ಥವನ್ನು ಹಿಡಿಯುವುದಕ್ಕಾಗಿ ಆಂಡ್ರ್ಯೂ ಶಾಲಿಯವರು ಹಂದಿಗಳ ಹೈಪೊಥಲಾಮಸನ್ನೂ ರೋಜರ್ ಗಿಲ್ಮಾರವರು ಕುರಿಗಳ ಹೈಪೊಥಲಾಮಸನ್ನೂ ಕಸಾಯಿಖಾನೆಗಳಿಂದ ಲಕ್ಷಕ್ಕೂ ಮೀರಿದ ಸಂಖ್ಯೆಯಲ್ಲಿ ತರಿಸಿ ಸೋಸಿದರು. ೧೯೭೧ರಲ್ಲಿ ಅದು ಹತ್ತು ಅಮೈನೋ ಆಮ್ಲಗಳ ಒಂದು ಸಣ್ಣ ಸರಪಣಿಯೆಂದು ತಿಳಿದುಬಂದಿತು. ೧೯೭೭ರಲ್ಲಿ ಇವರಿಬ್ಬರೂ ನೊಬೆಲ್ ಪಾರಿತೋಷಕದಲ್ಲಿ ಪಾಲುಗಾರರಾದರು. ಇಂದು ಪಶುವೈದ್ಯರು ಬೆದೆಯ ಚಿಕಿತ್ಸೆಯಲ್ಲಿ ಚುಚ್ಚುವ ಜಿ. ಎನ್. ಆರ್. ಎಚ್. ಔಷಧಗಳು ಈ ಶೋಧನೆಯ ಫಲವೇ ಆಗಿವೆ.

ಪ್ರಚೋದಕವು ಗುಟುಕು ಗುಟುಕಾಗಿಯೇ ಬರಬೇಕೆಂಬುದು ೧೯೭೮ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಅರ್ನ್‌ಸ್ಟ್ ನೋಬಿಲ್ ಮತ್ತು ಅವರ ಸಹೋದ್ಯೋಗಿಗಳು ಕೋತಿಗಳಲ್ಲಿ ನಡೆಸಿದ ಪ್ರಯೋಗದಿಂದ ಗೊತ್ತಾಯಿತು. ಗಂಟೆಗೊಂದು ಸಲ ಪ್ರಚೋದಕವನ್ನು ಕೊಟ್ಟಾಗ ಪಿಟ್ಯುಟರಿಯು ಕೆಲಸ ಮಾಡಿತು. ಎಡೆಬಿಡದೆ ಸುರಿಸಿದಾಗ ಮೌನವಾಯಿತು. ಹಸುವಿನಲ್ಲಿಯೂ ಎಲ್. ಎಚ್. ಮಿಡಿತವು ಬೆದೆಯು ಸಮೀಪಿಸಿದಾಗ ಗಂಟೆಗೊಂದರಂತೆಯೂ, ಚಕ್ರದ ನಡುವೆ ಹಲವು ಗಂಟೆಗಳಿಗೊಂದರಂತೆಯೂ ಬರುವುದು. ಆಸ್ಟ್ರೇಲಿಯದಲ್ಲಿ ೧೯೮೨ರಲ್ಲಿ ಕ್ಲಾರ್ಕ್ ಮತ್ತು ಕಮಿನ್ಸ್ ಎಂಬುವರು ಎಚ್ಚರವಾಗಿರುವ ಕುರಿಗಳ ಹೈಪೊಥಲಾಮಸಿಗೂ ಪಿಟ್ಯುಟರಿಗೂ ನಡುವಣ ರಕ್ತವನ್ನೇ ತೆಗೆದು ಅಳೆದು, ಪ್ರಚೋದಕದ ಮಿಡಿತವೂ ಎಲ್. ಎಚ್. ಮಿಡಿತವೂ ಜೊತೆಜೊತೆಯಾಗಿ ನಡೆಯುವುದನ್ನು ತೋರಿಸಿದರು.

ಆದರೂ ಒಂದು ಒಗಟು ಉಳಿಯಿತು. ಜಿ. ಎನ್. ಆರ್. ಎಚ್. ನರಕೋಶಗಳನ್ನು ಪರೀಕ್ಷಿಸಿದಾಗ, ಈಸ್ಟ್ರೊಜೆನನ್ನು ಗುರುತಿಸಬೇಕಾದ ಮುಖ್ಯ ಗ್ರಾಹಕವೇ ಅವುಗಳಲ್ಲಿ ಕಾಣಲಿಲ್ಲ. ಸಂದೇಶವನ್ನು ಓದಲಾರದ ಕೋಶವು ಅದಕ್ಕೆ ಉತ್ತರ ಕೊಡುವುದು ಹೇಗೆ? ನಡುವೆ ಇನ್ನಾರೋ ಓದಿ ಹೇಳುತ್ತಿರಬೇಕು. ಆ ಮಧ್ಯವರ್ತಿಯ ಹೆಸರು ಕಿಸ್‌ಪೆಪ್ಟಿನ್. ಇದರ ಜೀನು ೧೯೯೬ರಲ್ಲಿ ಅಮೆರಿಕದ ಹರ್ಷಿ ಎಂಬ ಊರಿನಲ್ಲಿ, ಕ್ಯಾನ್ಸರ್ ರೋಗದ ಶೋಧನೆಯಲ್ಲಿ ಸಿಕ್ಕಿದುದು. ಆ ಊರಿನ ಪ್ರಸಿದ್ಧವಾದ ಚಾಕಲೇಟಿನ ಹೆಸರೇ ಅದಕ್ಕೂ ಬಂದಿತು. ಇದರ ಗ್ರಾಹಕವು ಕೆಟ್ಟಿರುವ ಮನುಷ್ಯರು ಪ್ರಾಯಕ್ಕೆ ಬರುವುದಿಲ್ಲವೆಂದು ೨೦೦೩ರಲ್ಲಿ ಎರಡು ತಂಡಗಳವರು ಪ್ರತ್ಯೇಕವಾಗಿ ಕಂಡುಹಿಡಿದ ಮೇಲೆಯೇ ಸಂತಾನವಿಷಯದಲ್ಲಿ ಇದರ ಮಹತ್ವವು ತಿಳಿಯಿತು. ಕಿಸ್‌ಪೆಪ್ಟಿನ್ ನರಕೋಶಗಳಲ್ಲಿ ಈಸ್ಟ್ರೊಜೆನ್ ಗ್ರಾಹಕವು ಧಾರಾಳವಾಗಿ ಇರುವುದು. ೨೦೦೫ರಲ್ಲಿ ಹೆಣ್ಣಿಲಿಗಳಲ್ಲಿ ಕಂಡುಬಂದಂತೆ, ಹೈಪೊಥಲಾಮಸಿನ ಹಿಂಭಾಗದ ಕಿಸ್‌ಪೆಪ್ಟಿನ್ ಕೋಶಗಳನ್ನು ಈಸ್ಟ್ರೊಜೆನ್ ಅಡಗಿಸುವುದು, ಮುಂಭಾಗದ ಕೋಶಗಳನ್ನು ಎಬ್ಬಿಸುವುದು. ಒಂದೇ ಹಾರ್ಮೋನು ತಡೆಯೂ ಪ್ರೇರಣೆಯೂ ಹೇಗಾಗುವುದೆಂಬ ಪ್ರಶ್ನೆಗೆ ಇದರಿಂದ ಬಹುಮಟ್ಟಿಗೆ ಸಮಾಧಾನ ದೊರೆಯಿತು. ಕುರಿಗಳಲ್ಲಿ ಈ ಹಂಚಿಕೆಯು ಸ್ವಲ್ಪ ಭಿನ್ನವಾಗಿದ್ದು, ಹಿಂಭಾಗದ ಕೋಶಗಳೂ ಪ್ರೇರಣೆಯಲ್ಲಿ ಭಾಗವಹಿಸುವುವು.

ಪ್ರೊಜೆಸ್ಟರೋನಿನ ಪಾತ್ರ

ಕೋಶಿಕೆಯು ಒಡೆದ ಸ್ಥಳದಲ್ಲಿ ಪೀತಪಿಂಡವು ಬೆಳೆದು ಪ್ರೊಜೆಸ್ಟರೋನ್ ಎಂಬ ಹಾರ್ಮೋನನ್ನು ಹೊರಡಿಸುವುದು. ಇದು ಪ್ರಚೋದಕದ ಮಿಡಿತವನ್ನು ವಿರಳಗೊಳಿಸಿ, ಈಸ್ಟ್ರೊಜೆನ್ ಎಷ್ಟೇ ಪ್ರಯತ್ನಿಸಿದರೂ ಎಲ್. ಎಚ್. ಉಕ್ಕು ಏಳದಂತೆ ಕಾಯುವುದು. ಹಸುವು ಗಬ್ಬವಾಗದಿದ್ದರೆ, ೧೬-೧೭ನೆಯ ದಿವಸದ ಸುಮಾರಿಗೆ ಗರ್ಭಕೋಶದಿಂದ ಪ್ರೊಸ್ಟಗ್ಲಾಂಡಿನ್ ಎಂಬ ಪದಾರ್ಥವು ಹೊರಟು ಪೀತಪಿಂಡವನ್ನು ಕರಗಿಸುವುದು. ಪ್ರೊಜೆಸ್ಟರೋನ್ ಇಳಿದು, ಮಿಡಿತವು ಚುರುಕಾಗಿ, ಕೋಶಿಕೆಯು ಬಲಿತು, ಮತ್ತೆ ಬೆದೆ ಬರುವುದು. ಗಬ್ಬವಾಗಿದ್ದರೆ ಪೀತಪಿಂಡವು ಉಳಿಯುವುದು, ಬೆದೆಯು ನಿಲ್ಲುವುದು.

ಪ್ರೊಜೆಸ್ಟರೋನಿಗೆ ಇನ್ನೊಂದು ಉಪಕಾರವೂ ಉಂಟು. ಮೊದಲು ಕೆಲವು ದಿವಸ ಅದರ ಆಳ್ವಿಕೆಯಲ್ಲಿದ್ದು ಬಂದ ಮಿದುಳು ಈಸ್ಟ್ರೊಜೆನಿಗೆ ಚೆನ್ನಾಗಿ ಓಗೊಡುವುದು. ಹಾಗಿಲ್ಲದ ಮಿದುಳು ಮಂದವಾಗಿರುವುದು. ಈದ ಹಸುವಿನ ಮೊದಲನೆಯ ಅಂಡಮೋಕ್ಷವು ಬಹಳ ವೇಳೆ ಯಾವ ಲಕ್ಷಣವೂ ಇಲ್ಲದೆ ನಡೆದುಹೋಗುವುದಕ್ಕೆ ಕಾರಣವು ಇದೇ. ಇದನ್ನು ಮೂಕಬೆದೆಯೆಂದು ಕರೆಯುವರು. ಹಸುವು ಮೂಕಬೆದೆಯಲ್ಲಿದ್ದಾಗ ಬೆದೆಯೇ ಬಂದಿಲ್ಲವೆಂದು ರೈತನು ಭಾವಿಸುವುದು ಸಹಜ. ಆದರೆ ಚಕ್ರವು ಆಗಲೇ ಆರಂಭವಾಗಿರುವುದು, ಮುಂದಿನ ಬೆದೆಯು ಗೋಚರವಾಗುವುದು.

ಈದ ಹಸುವು ಬೆದೆಗೆ ಬಾರದಿರುವುದಕ್ಕೆ ಕಾರಣಗಳು

ಗರ್ಭದ ಕೊನೆಯ ತಿಂಗಳುಗಳಲ್ಲಿ ಹಸುವಿನ ರಕ್ತದಲ್ಲಿ ಈಸ್ಟ್ರೊಜೆನೂ ಪ್ರೊಜೆಸ್ಟರೋನೂ ಅಧಿಕವಾಗಿದ್ದು, ಪಿಟ್ಯುಟರಿಯಲ್ಲಿ ಎಲ್. ಎಚ್. ಸಂಗ್ರಹವು ಬರಿದಾಗಿರುವುದು. ಈದ ಮೇಲೆ ಆ ಸಂಗ್ರಹವು ತುಂಬುವುದಕ್ಕೆ ಎರಡು ಮೂರು ವಾರ ಬೇಕು. ಅನಂತರವೂ ಬೆದೆಯು ಬಾರದಿದ್ದರೆ, ಮಿದುಳು ಈಸ್ಟ್ರೊಜೆನಿನ ತಡೆಗೆ ಅತಿಯಾಗಿ ಮಣಿಯುತ್ತಿರುವುದೇ ಸಾಮಾನ್ಯವಾದ ಕಾರಣ. ಸಣ್ಣ ಕೋಶಿಕೆಗಳು ಹೊರಡಿಸುವ ಅತ್ಯಲ್ಪವಾದ ಈಸ್ಟ್ರೊಜೆನೇ ಪ್ರಚೋದಕವನ್ನು ಅಡಗಿಸಿಬಿಡುವುದು, ಎಲ್. ಎಚ್. ಇಲ್ಲದೆ ಕೋಶಿಕೆಯು ಬಲಿಯುವುದಿಲ್ಲ. ಬಲಿಯದೆ ಈಸ್ಟ್ರೊಜೆನ್ ಏರುವುದಿಲ್ಲ. ಏರದೆ ಪ್ರೇರಣೆಯು ಹುಟ್ಟುವುದಿಲ್ಲ. ಪ್ರಾಯಕ್ಕೆ ಬಾರದ ಕಡಸಿನ ಸ್ಥಿತಿಯೂ ಇದೇ. ಬೆಳೆದು ಮೈದುಂಬಿದ ಹಾಗೆಲ್ಲಾ ಕಡಸಿನ ಮಿದುಳು ಈ ತಡೆಯಿಂದ ಬಿಡುಗಡೆ ಹೊಂದುವುದು.

ತಡೆಯನ್ನು ಬಲಪಡಿಸುವ ಸಂಗತಿಗಳಲ್ಲಿ ಎರಡು ಪ್ರಧಾನವಾದುವು. ಮೊದಲನೆಯದು ಮೈಗೆ ಸಾಲದ ಆಹಾರ. ಕೊಬ್ಬಿನಿಂದ ಹೊರಡುವ ಲೆಪ್ಟಿನ್ ಎಂಬ ಹಾರ್ಮೋನು ದೇಹದ ಬಂಡವಾಳವೆಷ್ಟೆಂಬುದನ್ನು ಮಿದುಳಿಗೆ ತಿಳಿಸುವುದು. ಬಡಕಲಾದ ಹಸುವಿನಲ್ಲಿ ಅದು ತಗ್ಗುವುದರಿಂದ, ಇನ್ನೊಂದು ಕರುವನ್ನು ಹೊರಲು ಶಕ್ತಿಯಿಲ್ಲವೆಂದು ಎಣಿಸಿದಂತೆ ಮಿದುಳು ಪ್ರಚೋದಕವನ್ನು ಹಿಡಿದಿಡುವುದು. ಬೇಸಗೆಯಲ್ಲಿ ಒಣಹುಲ್ಲೊಂದನ್ನೇ ತಿಂದು ಈದ ಹಸುಗಳು ಮಳೆ ಬಂದು ಹಸುರು ಮೇವು ಸಿಕ್ಕಿದ ಕೆಲವು ವಾರಗಳಲ್ಲಿ ತಾವಾಗಿಯೇ ಬೆದೆಗೆ ಬರುವುದನ್ನು ರೈತರು ಕಂಡೇ ಇರುವರು.

ಎರಡನೆಯದು ಕರುವಿನ ಸಾನ್ನಿಧ್ಯ. ಕರುವು ಸದಾ ತಾಯಿಯೊಡನಿದ್ದು ಮನಬಂದಾಗ ಮೊಲೆಯುಣ್ಣುವುದರಿಂದ ಮಿದುಳಿನ ಮೇಲಣ ತಡೆಯು ಹೆಚ್ಚುವುದು. ಇದು ಕೆಚ್ಚಲಿನ ನರಗಳಿಂದ ಮಾತ್ರ ಆಗತಕ್ಕದ್ದಲ್ಲ. ಕೆಚ್ಚಲಿನ ನರಗಳನ್ನು ಕತ್ತರಿಸಿದ ಹಸುಗಳಲ್ಲಿಯೂ ಸ್ವಂತ ಕರುವು ಮೊಲೆಯುಣ್ಣುತ್ತಿದ್ದರೆ ತಡೆಯು ಮುಂದುವರಿದುದೂ, ನೋಟ ಮತ್ತು ವಾಸನೆಗಳೆರಡರಿಂದಲೂ ಕರುವನ್ನು ಗುರುತಿಸಲಾರದಂತೆ ಮಾಡಿದಾಗ ತಡೆಯು ಸಡಿಲಿದುದೂ ಪ್ರಯೋಗಗಳಲ್ಲಿ ಕಂಡುಬಂದಿದೆ. ತನ್ನ ಕರುವೆಂಬ ಗುರುತೇ ತಾಯಿಯ ಮಿದುಳಿಗೆ ಮುಟ್ಟುವ ಸಂದೇಶವಾಗಿದೆ.

ಇವುಗಳಿಗೆ ವಿರುದ್ಧವಾದ ಮತ್ತೊಂದು ದೋಷವುಂಟು. ಕೆಲವು ಹಸುಗಳಲ್ಲಿ ಕೋಶಿಕೆಯು ಬೆಳೆದು ಈಸ್ಟ್ರೊಜೆನ್ ಬೇಕಾದಷ್ಟು ಏರಿದರೂ ಮಿದುಳು ಪ್ರೇರಣೆಗೆ ಓಗೊಡದೆ, ಎಲ್. ಎಚ್. ಉಕ್ಕೇ ಏಳುವುದಿಲ್ಲ. ಕೋಶಿಕೆಯು ಒಡೆಯದೆ ಒಂದು ಅಂಗುಲಕ್ಕೂ ಮಿಕ್ಕಿ ಬೆಳೆದು ನೀರುಗುಳ್ಳೆಯಾಗುವುದು. ಇಂಥ ಹಸುಗಳಲ್ಲಿ ಕೆಲವು ಪದೇ ಪದೇ ಬೆದೆಯನ್ನು ತೋರುತ್ತಾ ಎಷ್ಟು ಸಲ ಹೋರಿ ಕೊಡಿಸಿದರೂ ಗಬ್ಬ ನಿಲ್ಲದೆ ಹೋಗುವುವು. ಕೆಲವು ಬೆದೆಯನ್ನೇ ತೋರುವುದಿಲ್ಲ. ಕೆಲವು ದಿವಸ ಪ್ರೊಜೆಸ್ಟರೋನನ್ನು ಕೊಟ್ಟು ನಿಲ್ಲಿಸಿದರೆ ಮಿದುಳು ತನ್ನ ಸೂಕ್ಷ್ಮತೆಯನ್ನು ಮತ್ತೆ ಪಡೆಯುವುದೆಂದು ತಿಳಿದುಬಂದಿದೆ. ಇದರ ಚಿಕಿತ್ಸೆಯು ಪಶುವೈದ್ಯರ ಕೆಲಸವೇ ಹೊರತು ಮನೆಯ ಮದ್ದಿನದಲ್ಲ.

ಹಾಲು ವಿಶೇಷವಾಗಿ ಕೊಡುವ ಮಿಶ್ರತಳಿಯ ಹಸುಗಳು ಹೆಚ್ಚು ಮೇವನ್ನು ತಿನ್ನುವುದರಿಂದ ಅವುಗಳ ಯಕೃತ್ತಿನಲ್ಲಿ ರಕ್ತವು ವೇಗವಾಗಿ ಹರಿದು, ಈಸ್ಟ್ರೊಜೆನ್ ಬೇಗನೆ ನಾಶವಾಗುವುದು. ಅವುಗಳ ಬೆದೆಯು ಅಲ್ಪಕಾಲಿಕವಾಗುವುದಕ್ಕೆ ಇದೊಂದು ಕಾರಣ. ಕಡುಬಿಸಿಲು, ನೋವು, ಕುಂಟು, ದೂರದ ಪ್ರಯಾಣ ಮೊದಲಾದ ಬಾಧೆಗಳೂ ಎಲ್. ಎಚ್. ಉಕ್ಕನ್ನು ತಡಮಾಡುವುವು ಅಥವಾ ಅಡಗಿಸುವುವು.

ಹೊರಗಿನಿಂದ ಬರುವ ಈಸ್ಟ್ರೊಜೆನ್

ಬೆದೆಯ ಲಕ್ಷಣಗಳಿಗೆ ಈಸ್ಟ್ರೊಜೆನೇ ಕಾರಣವಾದರೆ, ಅದನ್ನೇ ಚುಚ್ಚಿದರೆ ಸಾಲದೇ ಎಂಬ ಪ್ರಶ್ನೆಯು ಏಳುವುದು. ಹಾಗೆ ಚುಚ್ಚಿದಾಗ ಹಸುವು ಬೆದೆಯ ನಡತೆಯನ್ನು ತೋರಬಹುದು. ಆದರೆ ಅಂಡಾಶಯದಲ್ಲಿ ಬಲಿತ ಕೋಶಿಕೆಯಿಲ್ಲದಿದ್ದರೆ ಅಂಡವೂ ಇಲ್ಲ, ಗಬ್ಬವೂ ಇಲ್ಲ. ಹಿಡಿತವಿಲ್ಲದ ಬಳಕೆಯಿಂದ ನೀರುಗುಳ್ಳೆಗಳೂ ಉಂಟಾಗಬಹುದು. ಪರಿಚಯವಿಲ್ಲದವರು ಬೆದೆಗೆ ತರುವೆವೆಂದು ಹೇಳಿ ಚುಚ್ಚುವ ಮದ್ದುಗಳನ್ನು ನಂಬದಿರುವುದೇ ಲೇಸು.

ಮೇವಿನ ಮೂಲಕ ಬಂದ ಈಸ್ಟ್ರೊಜೆನಿನಿಂದ ದೊಡ್ಡ ನಷ್ಟವಾದ ಉದಾಹರಣೆಯೂ ಉಂಟು. ಪಶ್ಚಿಮ ಆಸ್ಟ್ರೇಲಿಯದಲ್ಲಿ ೧೯೪೦ರ ದಶಕದಲ್ಲಿ, ಒಂದು ಜಾತಿಯ ಕ್ಲೋವರ್ ಸೊಪ್ಪನ್ನು ಯಥೇಚ್ಛವಾಗಿ ಮೇಯ್ದ ಮೆರಿನೊ ಕುರಿಗಳು ಗಬ್ಬ ಕಟ್ಟದೆ ಹೋದುವು. ಬೆನೆಟ್ಸ್, ಅಂಡರ್‌ವುಡ್ ಮತ್ತು ಶಿಯರ್ ಎಂಬುವರು ೧೯೪೬ರಲ್ಲಿ ಈ ರೋಗವನ್ನು ವರ್ಣಿಸಿದರು. ಆ ಸೊಪ್ಪಿನಲ್ಲಿರುವ ಪದಾರ್ಥವು ಕುರಿಯ ಹೊಟ್ಟೆಯಲ್ಲಿ ಈಸ್ಟ್ರೊಜೆನಿನಂತೆ ವರ್ತಿಸುವ ರೂಪಕ್ಕೆ ತಿರುಗಿ, ಗರ್ಭಕೋಶದ ಕೊರಳನ್ನು ಕೆಡಿಸುವುದೆಂದು ಅನಂತರ ತಿಳಿಯಿತು. ನಮ್ಮಲ್ಲಿ ಬೆಳೆಯುವ ಕುದುರೆ ಮಸಾಲೆ ಸೊಪ್ಪಿನಲ್ಲಿಯೂ ಇಂಥ ಪದಾರ್ಥವೊಂದುಂಟು. ಎಲೆಗೆ ಬೂಷ್ಟು ರೋಗ ತಗಲಿದಾಗ ಅದು ಹೆಚ್ಚುವುದು. ಕುದುರೆ ಮಸಾಲೆಯು ಉತ್ತಮವಾದ ಮೇವೇ ಸರಿ. ಆದರೆ ಅದೊಂದನ್ನೇ ಹಾಕದೆ ಹುಲ್ಲಿನೊಡನೆ ಬೆರೆಸಿ ಹಾಕುವುದೂ, ರೋಗ ತಗಲಿದ ಸೊಪ್ಪನ್ನು ಗಬ್ಬ ಕಟ್ಟಿಸಬೇಕಾದ ದನಗಳಿಗೆ ಹಾಕದಿರುವುದೂ ವಿವೇಕ.

ಗೋಪಾಲಕರು ಅನುಸರಿಸತಕ್ಕ ಕ್ರಮ

೧. ಬೆದೆಯನ್ನು ನೋಡುವುದಕ್ಕೆ ಪ್ರತ್ಯೇಕವಾದ ವೇಳೆಯನ್ನು ಇಡತಕ್ಕದ್ದು. ಬೆಳಗಿನ ಜಾವ ಒಂದು ಸಲ, ಸಾಯಂಕಾಲ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ, ಪ್ರತಿಸಲವೂ ಇಪ್ಪತ್ತು ನಿಮಿಷವಾದರೂ ಹಸುಗಳನ್ನು ಬಿಚ್ಚಿಬಿಟ್ಟು ಗಮನಿಸಬೇಕು. ಕೊಟ್ಟಿಗೆಯಲ್ಲಿ ಕಟ್ಟಿಯೇ ಇರುವ ಹಸುವಿನಲ್ಲಿ ನಿಲ್ಲುವ ಲಕ್ಷಣವು ಕಾಣುವುದಿಲ್ಲವಾದುದರಿಂದ ಲೋಳೆಯನ್ನೂ ಯೋನಿದ್ವಾರದ ಊತವನ್ನೂ ನೋಡಬೇಕು. ಎಮ್ಮೆಗಳಿಗೆ ರಾತ್ರಿಯ ನೋಟವು ಅತ್ಯಾವಶ್ಯಕ.

೨. ಬೆಳಿಗ್ಗೆ ಬೆದೆಯು ಕಂಡರೆ ಅದೇ ಸಾಯಂಕಾಲವೂ, ಸಾಯಂಕಾಲ ಕಂಡರೆ ಮರುದಿವಸ ಬೆಳಿಗ್ಗೆಯೂ ಹೋರಿ ಕೊಡಿಸಬೇಕು ಅಥವಾ ಕೃತಕ ಗರ್ಭಧಾರಣೆ ಮಾಡಿಸಬೇಕು. ಹೊರಬಿದ್ದ ಅಂಡವು ಕೆಲವೇ ಗಂಟೆಗಳ ಕಾಲ ಫಲಿಸುವ ಸ್ಥಿತಿಯಲ್ಲಿರುವುದು; ವೀರ್ಯಾಣುಗಳು ಒಂದು ದಿವಸದಷ್ಟು ಬದುಕಿರುವುವಾದರೂ ಸಿದ್ಧವಾಗುವುದಕ್ಕೆ ಕೆಲವು ಗಂಟೆಗಳು ಬೇಕು. ಈ ನಿಯಮವು ೧೯೪೦ರ ದಶಕದಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಟ್ರಿಂಬರ್ಗರ್ ಎಂಬುವರು ನಡೆಸಿದ ಪರೀಕ್ಷೆಗಳಿಂದ ನೆಲೆಗೊಂಡುದು. ಭಾರತದಲ್ಲಿ ಕೃತಕ ಗರ್ಭಧಾರಣೆಯ ಮೊದಲ ಪ್ರಯತ್ನವು ೧೯೩೯ರಲ್ಲಿ ಮೈಸೂರಿನ ಅರಮನೆಯ ಡೈರಿಯಲ್ಲಿ, ಸಂಪತ್ ಕುಮಾರನ್‌ರವರಿಂದ ಹಳ್ಳಿಕಾರ್ ಹಸುಗಳಲ್ಲಿ ನಡೆಯಿತೆಂಬುದು ಈ ನಾಡಿನವರಿಗೆ ಅಭಿಮಾನದ ವಿಷಯ.

೩. ಬೆದೆ ಬಂದ ದಿವಸವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿ, ೧೮ನೆಯ ದಿವಸದಿಂದ ಮತ್ತೆ ಎಚ್ಚರವಾಗಿರಬೇಕು. ಬಾಲದಲ್ಲಿಯೋ ಯೋನಿದ್ವಾರದಲ್ಲಿಯೋ ರಕ್ತದ ಕಲೆ ಕಂಡರೆ, ಒಂದರಿಂದ ಮೂರು ದಿವಸಗಳ ಕೆಳಗೆ ಬೆದೆಯು ಬಂದು ಹೋಗಿದೆಯೆಂದು ತಿಳಿಯಬೇಕು. ಅದು ಈಸ್ಟ್ರೊಜೆನ್ ಇಳಿದುದರ ಗುರುತೇ ಹೊರತು ಗಬ್ಬ ನಿಂತುದಕ್ಕಾಗಲಿ ನಿಲ್ಲದಿದ್ದುದಕ್ಕಾಗಲಿ ಗುರುತಲ್ಲ. ಆ ಬೆದೆಯನ್ನು ಬಿಟ್ಟು ಮುಂದಿನದನ್ನು ಕಾಯಬೇಕು.

೪. ಗರ್ಭದ ಕೊನೆಯ ಎರಡು ತಿಂಗಳೂ, ಈದ ಮೇಲೆ ಮೊದಲ ಎರಡು ತಿಂಗಳೂ ಹಸುವು ಇಳಿದುಹೋಗದಂತೆ ಹಸುರು ಮೇವು, ಹಿಂಡಿ, ಬೂಸ, ಲವಣಮಿಶ್ರಣಗಳನ್ನು ಕೊಡತಕ್ಕದ್ದು. ಬಡಕಲಾದ ಹಸುವಿಗೆ ಚುಚ್ಚುಮದ್ದು ಹಾಕಿಸುವುದಕ್ಕಿಂತ ಮುಂಚೆ ಗೋದಲಿಯನ್ನು ತುಂಬಿಸುವುದು ಮೇಲು.

೫. ಬೆದೆಗೆ ತಡಮಾಡುವ ಹಸುವಿನ ಕರುವನ್ನು ಬೇರೆಯಾಗಿ ಕಟ್ಟಿ, ಹೊತ್ತಿಗೆ ಸರಿಯಾಗಿ ದಿವಸಕ್ಕೆ ಎರಡು ಸಲ ಮಾತ್ರ ಬಿಡಬೇಕು. ಕರುವಿಗೆ ಸಲ್ಲತಕ್ಕ ಹಾಲನ್ನು ಕಡಿಮೆ ಮಾಡಕೂಡದು. ತಡೆಯಬೇಕಾದುದು ಸದಾ ಕಾಲದ ಸಾನ್ನಿಧ್ಯವನ್ನೇ ಹೊರತು ಕರುವಿನ ಆಹಾರವನ್ನಲ್ಲ.

೬. ಈದು ಮೂರು ತಿಂಗಳಾದರೂ ಬೆದೆ ಕಾಣದ ಹಸುವನ್ನೂ, ಮೂರು ಸಲ ಕೊಡಿಸಿದರೂ ಗಬ್ಬ ನಿಲ್ಲದ ಹಸುವನ್ನೂ ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಅಂಡಾಶಯದಲ್ಲಿ ಪೀತಪಿಂಡವಿದ್ದರೆ ಹಸುವು ಚಕ್ರದಲ್ಲಿದೆಯೆಂದೂ, ಬೆದೆಯು ಕಣ್ತಪ್ಪುತ್ತಿದೆಯೆಂದೂ ಅರ್ಥ. ಹಾಗಿರುವಲ್ಲಿ, ಅಮೆರಿಕದ ವಿಸ್ಕಾನ್ಸಿನ್ನಿನವರು ೧೯೯೫ರಲ್ಲಿ ಪ್ರಕಟಿಸಿದ ಕ್ರಮದಂತೆ ಮೊದಲು ಜಿ. ಎನ್. ಆರ್. ಎಚ್. ಔಷಧವನ್ನೂ, ಏಳು ದಿವಸಗಳ ಮೇಲೆ ಪ್ರೊಸ್ಟಗ್ಲಾಂಡಿನನ್ನೂ, ಮತ್ತೆ ಎರಡು ದಿವಸಗಳ ಮೇಲೆ ಜಿ. ಎನ್. ಆರ್. ಎಚ್. ಔಷಧವನ್ನೂ ಚುಚ್ಚಿ, ಬೆದೆಯನ್ನು ಕಾಯದೆಯೇ ಗೊತ್ತಾದ ವೇಳೆಯಲ್ಲಿ ಗರ್ಭಧಾರಣೆ ಮಾಡಬಹುದು. ಇಲ್ಲಿ ಈಸ್ಟ್ರೊಜೆನಿನ ಪ್ರೇರಣೆಯು ಮಾಡಬೇಕಾದ ಕೆಲಸವನ್ನು ವೈದ್ಯರ ಸೂಜಿಯು ಮಾಡುವುದು. ಗಬ್ಬದ ಹಸುವಿಗೆ ಪ್ರೊಸ್ಟಗ್ಲಾಂಡಿನ್ ಚುಚ್ಚಿದರೆ ಕಂದು ಹಾಕುವುದರಿಂದ, ಮೊದಲು ಗಬ್ಬದ ಪರೀಕ್ಷೆಯಾಗದೆ ಇದನ್ನು ಮಾಡಿಸಕೂಡದು.

೭. ಪೀತಪಿಂಡವಿಲ್ಲದೆ ಅಂಡಾಶಯವು ಸಣ್ಣಗೆ ನುಣುಪಾಗಿದ್ದರೆ, ತಡೆಯು ಇನ್ನೂ ಸಡಿಲಿಲ್ಲವೆಂದು ತಿಳಿದು, ಮೇವನ್ನೂ ಕರುವಿನ ವ್ಯವಸ್ಥೆಯನ್ನೂ ಸರಿಪಡಿಸಿ ಕಾಯತಕ್ಕದ್ದು. ಹೀಗಿರುವ ಹಸುವು ಗೊಡ್ಡಲ್ಲ. ಅದರ ಮಿದುಳು ಮೈಯ ಸ್ಥಿತಿಯನ್ನು ನೋಡಿ ಹಿಂದೆಗೆದಿರುವುದಷ್ಟೆ; ಮೈ ತುಂಬಿದರೆ ಚಕ್ರವು ಮರಳುವುದು. ಪರೀಕ್ಷೆ ಮಾಡಿಸದೆ ಇಂಥ ಹಸುವನ್ನು ಮಾರಿದ ರೈತನು ಕಳೆದುಕೊಳ್ಳುವುದು ಒಂದು ಹಸುವನ್ನು ಮಾತ್ರವಲ್ಲ, ಮುಂದಿನ ಹಲವು ಸೂಲುಗಳ ಹಾಲನ್ನೂ ಕರುಗಳನ್ನೂ ಕಳೆದುಕೊಳ್ಳುವನು.